ನನ್ನ ಮೈದುನನ ಬೆನ್ನುಚೀಲ

ನನ್ನ ಮೈದುನನಷ್ಟು ದೂರ ಹೊರಟವರು ಇಡೀ ಸೊಲ್ಲಾಪುರದಲ್ಲಿ ಇನ್ನೊಬ್ಬರಿಲ್ಲ. ಹಾಗೆ ಹೊರಟು ಅಕ್ಕಲಕೋಟವನ್ನೂ ದಾಟದವರು ಮತ್ತೊಬ್ಬರಿಲ್ಲ! ವಯಸ್ಸಿನಲ್ಲಿ ನನಗಿಂತ ಕಿರಿಯ, ಅದಕ್ಕೇ ಈ ಏಕವಚನದ ಸಲಿಗೆ. ನಾನು ಅಕ್ಕಲಕೋಟದಿಂದ ಸೊಸೆಯಾಗಿ ಬಂದ ದಿನ ಅವನು ಪಡಸಾಲೆಯ ಕಂಬಕ್ಕೆ ಒರಗಿ, ಕೊಕ್ಕೆ ಕಡ್ಡಿಯಿಂದ ನೂಲು ಹೆಣೆಯುತ್ತ ಕೂತಿದ್ದ.

"ಛಲೋ ಆತು ನೋಡ್ರಿ ವೈನಿ, ನಾ ಹೋಗೂದ್ರೊಳಗ ಬಂದ್ರಿ" ಅಂದ.

"ಎಲ್ಲಿಗಿ ಹೊಂಟಿ?"

"ಸಮುದ್ರಕ್ಕ. ಈ ಚೀಲ ಮುಗಿದ ಮರುದಿನಾನ."

ಚೀಲ ಆಗ ರೊಟ್ಟಿಯಷ್ಟು ಅಗಲವಿತ್ತು. ಆಮೇಲೆ ನನಗೆ ಮಗಳು ಹುಟ್ಟಿದಳು, ಅವಳು ಅಂಬೆಗಾಲಿಟ್ಟಳು, ಓಡಾಡಿದಳು. ಚೀಲ ಮಾತ್ರ ಮೊಳದೆತ್ತರ ಏಳುವುದು, ಮತ್ತೆ ರೊಟ್ಟಿಯಷ್ಟಾಗುವುದು. ಹೆಣಿಕೆ ತಪ್ಪಿದರೆ ಅವನೇ ಬಿಚ್ಚುತ್ತಾನೆಂದು ನಾವೆಲ್ಲ ತಿಳಿದಿದ್ದೆವು. ಅವನನ್ನು ಕೇಳಿದರೆ, "ನಿನ್ನಿ ಇಷ್ಟ ಮಾಡಿದ್ದೆ ಕಾಣಸ್ತದ" ಎಂದು ಗೋಡೆ ನೋಡುತ್ತ ಹೇಳುವನು.

ನಮ್ಮದು ನೂಲಿನ ವ್ಯಾಪಾರದ ಮನೆ. ಗಾದಿಯ ಮೇಲೆ ನಮ್ಮ ಯಜಮಾನರು, ತಕ್ಕಡಿಯ ಹತ್ತಿರ ಇವನು. ದಾರ ಕೊಳ್ಳಲು ಬರುತ್ತಿದ್ದ ಮಿಶನ್ ಸಾಲೆಯಲ್ಲಿ ಕಲಿಸುವ ಬಾಯಿಯೊಬ್ಬರು ಅಂಗಡಿಯಲ್ಲೇ ಕೂತು ಹೆಣೆಯುತ್ತಿದ್ದರಂತೆ. ಅದನ್ನು ನೋಡಿ ನೋಡಿಯೇ ಕಲಿತ. ಕಡ್ಡಿ ಎಲ್ಲಿಯದು? ಅಣ್ಣನ ಛತ್ರಿಯದು! ಒಂದು ಕಡ್ಡಿ ಮುರಿದು, ತುದಿಯನ್ನು ಕಲ್ಲಿಗೆ ಉಜ್ಜಿ ಕೊಕ್ಕೆ ಮಾಡಿಕೊಂಡಿದ್ದ. ಮಳೆಗಾಲದಲ್ಲಿ ನಮ್ಮ ಯಜಮಾನರ ಎಡಭುಜ ಮಾತ್ರ ಯಾಕೆ ತೋಯುತ್ತಿತ್ತು ಎಂಬುದು ಪೇಟೆಯವರಿಗೆಲ್ಲ ಗೊತ್ತಿದ್ದ ಸಂಗತಿ.

ನೇಕಾರರು ಬಂದು ನೂಲಿನ ದರ ಕೇಳಿದರೆ ಇವನು, "ನೀವು ಸಮುದ್ರ ನೋಡೀರೇನ್ರಿ?" ಎನ್ನುವನು.

"ಮದಲ ದರ ಹೇಳ್ರಿ ಸಾವಕಾರ್ರ. ಸಮುದ್ರ ತುಗೊಂಡು ಏನ್ ನೇಯೂದದ?"

ತಲೆಯ ಮೇಲೆ, ಹೆಗಲ ಮೇಲೆ, ಕಂಕುಳಲ್ಲಿ ಹೊರುವ ನಮ್ಮ ಸೀಮೆಯಲ್ಲಿ ಬೆನ್ನಿಗೇಕಪ್ಪಾ ಚೀಲ? ಒಮ್ಮೆ ಕೇಳಿದೆ. "ಸಮುದ್ರದ ಮುಂದ ನಿಂತಾಗ ಕೈ ಮುಗೀಬೇಕಲ್ರಿ ವೈನಿ. ಕೈಯಾಗ ಗಂಟು ಹಿಡಕೊಂಡು ಹೆಂಗ ಮುಗೀಲಿ?" ಎಂದ. ಗುಂಡನೆಯ ತಳ, ಅದರ ಸುತ್ತ ಏಳುವ ಗೋಡೆ, ಬಾಯಿಯ ಬಳಿ ಸಾಲು ತೂತು. ತೂತಿನಲ್ಲಿ ಎರಡು ಲಾಡಿ ಪೋಣಿಸಿ ಜಗ್ಗಿದರೆ ಬಾಯಿ ಮುಚ್ಚಬೇಕು, ಅವೇ ಲಾಡಿ ಭುಜಕ್ಕೂ ಬರಬೇಕು. ಇಷ್ಟೇ ಸರಳ. ಆದರೆ ತಳ ಅಗಲವಾಗಬೇಕಾದರೆ ಪ್ರತಿ ಸುತ್ತಿಗೂ ಕುಣಿಕೆ ಹೆಚ್ಚಿಸುತ್ತ ಹೋಗಬೇಕಲ್ಲ? ಇವನು ಒಮ್ಮೆ ಸಮುದ್ರದ ಕನಸು ಕಾಣುತ್ತ ಅದನ್ನೇ ಮರೆತ. ತಳ ಒಳಕ್ಕೆ ಮಡಚಿಕೊಂಡು ಚೀಲ ಹೋಗಿ ಬೆಳ್ಳನೆಯ ಟೋಪಿಯಾಯಿತು!

ಅದೂ ಎಂಥ ಹೊತ್ತಿನಲ್ಲಿ! ಪೇಟೆಯಲ್ಲಿ ಗೋರಾ ಸಿಪಾಯಿಗಳು ಬಂದೂಕು ಹಿಡಿದು ನಿಂತ ದಿನಗಳು. ಚಳವಳಿಯವರ ಬಿಳಿ ಟೋಪಿ ಕಂಡರೆ ಹಿಡಿದೊಯ್ಯುತ್ತಿದ್ದರು. ನಮ್ಮ ಯಜಮಾನರು ಬೆವರಿಬಿಟ್ಟರು. "ಇದು ಚೀಲ ಅಂತ ಅವರಿಗಿ ಯಾರ್ ಹೇಳಾವ್ರು?" ಅತ್ತೆ ಟೋಪಿಯನ್ನು ಒಯ್ದು ಉಪ್ಪಿನಕಾಯಿಯ ಭರಣಿಗೆ ತೊಡಿಸಿದರು. ಸರಕಾರಕ್ಕೆ ವಿರುದ್ಧವಾಗಿ ನಮ್ಮ ಮನೆಯಲ್ಲಿ ನಿಂತದ್ದು ಆ ಭರಣಿ ಒಂದೇ.

ಇನ್ನೊಮ್ಮೆ ಅರ್ಧ ಹೆಣೆದ ಚೀಲಕ್ಕೇ ಸುತಳಿ ಕಟ್ಟಿ, ಪರೀಕ್ಷೆ ಮಾಡುತ್ತೇನೆಂದು ನನ್ನ ತವರಿಗೆ ಹೊರಟ. ಅತ್ತೆ ಶೇಂಗಾ ತುಂಬಿ, ಮೇಲೊಂದು ಕಲ್ಲಂಗಡಿ ಇಟ್ಟರು. ರೈಲು ಇಳಿದು ಅಕ್ಕಲಕೋಟದ ದಾರಿ ಹಿಡಿದಾಗ ಬೆನ್ನಿನ ಮೇಲಿದ್ದ ಚೀಲ, ಊರು ಹತ್ತಿರವಾದಂತೆ ಜಗ್ಗಿ ಜಗ್ಗಿ ಮೊಣಕಾಲ ಹಿಂದಕ್ಕೆ ಬಂತಂತೆ. ತೂತುಗಳಿಂದ ಶೇಂಗಾ ಉದುರಿ, ಬಾಗಿಲಿಗೆ ಬರುವಾಗ ಕಲ್ಲಂಗಡಿಯೊಂದೇ ಉಳಿದಿತ್ತು. "ಶೇಂಗಾ ಎಲ್ಲಿ?" ಎಂದು ನಮ್ಮವ್ವ ಕೇಳಿದರೆ, "ಹಿಂದಿಂದ ಬರಾಕತ್ಯಾವ್ರಿ" ಎಂದನಂತೆ.

ಸಂಜೆ ಮಾಳಿಗೆಯ ಮೇಲೆ ಮಾತ್ರ ಅವನನ್ನು ನೋಡಿ ನಗಲು ನಮಗೆ ಮನಸ್ಸು ಬರುತ್ತಿರಲಿಲ್ಲ. ಗಿರಣಿಯ ಭೋಂಗಾ ಉದ್ದಕ್ಕೆ ಊದಿದಾಗ, "ಹಡಗ ಬಂತು" ಎನ್ನುವನು. ಹತ್ತಿಯ ಎಳೆಗಳು ಗಾಳಿಯಲ್ಲಿ ತೇಲುತ್ತ, ಕೆಂಪು ಬೆಳಕಿನಲ್ಲಿ ಮಾಳಿಗೆಗಳೆಲ್ಲ ಮೆಲ್ಲಗೆ ಅಲುಗಿದಂತಾಗಿ, ಸಮುದ್ರವನ್ನೇ ಕಾಣದ ನನ್ನ ತುಟಿಗೂ ಉಪ್ಪು ಹತ್ತಿದಂತಾಗುತ್ತಿತ್ತು. ಅತ್ತೆ ಒಬ್ಬರೇ ಆಗ ಎದ್ದು ಕೆಳಗೆ ಹೋಗಿಬಿಡುತ್ತಿದ್ದರು.

ಯಾಕೆಂಬುದು ಒಂದು ಮಧ್ಯಾಹ್ನ ತಿಳಿಯಿತು. ಉಂಡು ಮಲಗಿದ ಮೈದುನ ಜೋರಾಗಿ ಗೊರಕೆ ಹೊಡೆಯುತ್ತಿದ್ದ. ಅತ್ತೆ ಅವನ ತಲೆಯ ಹತ್ತಿರ ಕೂತು, ಮಡಿಲಲ್ಲಿ ಚೀಲ ಇಟ್ಟುಕೊಂಡು, ಎಳೆ ಜಗ್ಗಿ ಜಗ್ಗಿ ಬಿಚ್ಚುತ್ತಿದ್ದರು! ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

"ಇವರಪ್ಪ ಗಂಗಾಸ್ನಾನಕ್ಕ ಹೋಗಿ ಬರ್ತೀನಿ ಅಂತ ಚೀಲ ಹಾಕ್ಕೊಂಡು ಹೋದ್ರವಾ. ತಿರಗಿ ಬರಲಿಲ್ಲ. ಆ ಚೀಲ ನಾನ ತುಂಬಿ ಕೊಟ್ಟಿದ್ದೆ. ಇದೊಂದು ಚೀಲ ನಾ ಮುಗೀಗೊಡೂದಿಲ್ಲ" ಎಂದರು, ಬಹಳ ಮೆಲ್ಲಗೆ.

ಅಂದಿನಿಂದ ಬಾಗಿಲು ಕಾಯುವ ಕೆಲಸ ನನ್ನದಾಯಿತು. ಅವನು ಬೆಳಿಗ್ಗೆ ಹೆಣೆಯುವುದು, ಇವರು ಮಧ್ಯಾಹ್ನ ಬಿಚ್ಚುವುದು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುವುದು.

ಒಂದು ಚಳಿಗಾಲ ಅತ್ತೆ ಜ್ವರದಲ್ಲಿ ತೀರಿಕೊಂಡರು. ಆಮೇಲೆ ಚೀಲ ಬೆಳೆಯತೊಡಗಿತು. ಬಿಚ್ಚಲೇ ಎಂದು ಎಷ್ಟೋ ಸಲ ಹತ್ತಿರ ಹೋದೆ. ಅದು ಹೆತ್ತವಳ ಹಕ್ಕು, ನನ್ನದಲ್ಲ ಎನಿಸಿ ಹಿಂದಕ್ಕೆ ಬಂದೆ. ಗೋಡೆ ಎದ್ದಿತು, ತೂತುಗಳ ಸಾಲು ಬಂತು, ಲಾಡಿ ಹೊಸೆದದ್ದೂ ಆಯಿತು. ಒಂದು ಮಧ್ಯಾಹ್ನ ನಾನು ಹಿಟ್ಟು ನಾದುತ್ತಿದ್ದಾಗ ಅವನು ಎರಡು ಧೋತರ ಒಳಗಿಟ್ಟು, ಬಾಯಿ ಬಿಗಿದು, ಚೀಲ ಬೆನ್ನಿಗೇರಿಸಿ ಹೊಸ್ತಿಲ ಬಳಿ ನಿಂತ.

"ಹೊಂಟಿಯೇನು?" ಎಂದೆ.

"ಹೂಂ" ಅಂದ. ಆದರೆ ಕದಲಲಿಲ್ಲ. "ವೈನಿ, ಅವ್ವ ಬಿಚ್ಚೂವಾಗ ನಾ ಒಂದ ದಿನಾನೂ ನಿದ್ದಿ ಮಾಡಿಲ್ರಿ."

"ಮತ್ತ ಆ ಗೊರಕಿ?"

"ಅಕಿಗಿ ಧೈರ್ಯ ಬರಲೆಂತ ಹೊಡೀತಿದ್ದೆ." ಹೊಸ್ತಿಲ ಮೇಲೆ ಕುಸಿದು ಕೂತ. "ಈಗ ಎದ್ದು ನೋಡಿದ್ರ ಚೀಲ ಇದ್ದಂಗ ಇರತದ್ರಿ. ಹೋಗಬ್ಯಾಡ ಅನ್ನವ್ರು ಯಾರೂ ಇಲ್ಲ ಅನಸ್ತದ."

ನನಗೆ ಅಳು ತಡೆಯಲಾಗಲಿಲ್ಲ. ಅವನ ಬೆನ್ನ ಹಿಂದೆ ಹೋಗಿ ನಿಂತೆ. ಕೊನೆಯ ಕುಣಿಕೆಗೆ ಅವನು ಗಂಟು ಹಾಕಿರಲಿಲ್ಲ. ಎಳೆ ಹಾಗೇ ಜೋತಾಡುತ್ತಿತ್ತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ಹಿಡಿದು ಜಗ್ಗಿದೆ. ಒಂದು ಕುಣಿಕೆ ಬಿಚ್ಚಿತು, ಅದರ ಹಿಂದೆ ಇನ್ನೊಂದು.

ಅವನು ತಿರುಗಿ ನೋಡಲಿಲ್ಲ. "ಸಾವಕಾಶ ಜಗ್ಗರಿ ವೈನಿ" ಎಂದ. "ಅವ್ವನ ಕೈ ಹಗರ ಇತ್ತು."