ಮಾವನ ಮಿಕ್ಸರಿನ ಸುಯ್ ಸದ್ದು

ನಮ್ಮ ಸೋದರಮಾವನಿಗೆ ಕಿವಿ ಕೇಳಿಸುವುದಿಲ್ಲ ಎಂದು ಊರವರು ಹೇಳುತ್ತಾರೆ. ಊರವರಿಗೇ ಕೇಳಿಸುವುದಿಲ್ಲ ಎಂದು ಮಾವ ಹೇಳುತ್ತಾರೆ! ಹೊಸನಗರದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಮನುಷ್ಯನ ಬಗ್ಗೆ ಇಂಥ ಜಗಳ ಇರಬಹುದೇ?

ಮೈಕುಗಳ ದನಿಯನ್ನೆಲ್ಲ ಕೂಡಿಸುವ ಅವರ ಮಿಕ್ಸರ್ ಹಳೇ ಅನಲಾಗ್ ಕಾಲದ್ದು. ಗುಂಡಿ ತಿರುಗಿಸಿದರೆ ಕರಕರ, ಸುಮ್ಮನೆ ಬಿಟ್ಟರೆ ಸುಯ್. ಡಿಜಿಟಲ್ ತಗೊಳ್ಳಿ ಎಂದರೆ, "ಅದು ಮಿಕ್ಸಿ ಚಟ್ನಿ ಕಣಾ. ನುಣ್ಣಗಿರ್ತದೆ, ಒರಳಿನ ರುಚಿ ಎಲ್ಲಿಂದ ಬರ್ತದೆ?" ಎನ್ನುತ್ತಾರೆ.

ಒಮ್ಮೆ ಸಾಗರದ ಅಂಗಡಿಗೆ ಕರೆದೊಯ್ದು, ಕಣ್ಣಿಗೆ ಟವೆಲ್ ಕಟ್ಟಿ, ಒಂದೇ ಹಾಡನ್ನು ಎರಡು ಮಿಕ್ಸರಿನಲ್ಲಿ ಕೇಳಿಸಿದೆ. "ಎರಡನೇದು ಅನಲಾಗು. ಸಣ್ಣ ಮಕ್ಳೂ ಹೇಳ್ತಾವೆ!" ಎಂದರು. ಟವೆಲ್ ಬಿಚ್ಚಿದರೆ ಅದು ಡಿಜಿಟಲ್! ಮಾವ ಸೋಲೊಪ್ಪಿದರೇ? ಛೇ! "ಟವೆಲು ಕಿವಿ ಮೇಲೂ ಕಟ್ಟಿದ್ಯಲ್ಲ ಮಾರಾಯ, ಕೇಳೋದು ಹ್ಯಾಂಗೆ?" ಎಂದು ನನ್ನನ್ನೇ ಗದರಿ ಬಸ್ಸು ಹತ್ತಿದರು.

ಇಂಥವರು ಮೊನ್ನೆ ತಾವಾಗಿಯೇ ಒಂದು ಕ್ಯಾಸೆಟ್ ತಂದು, "ಟೇಪು ಸವೀತಾ ಬಂತು, ಕಂಪ್ಯೂಟರಿಗೆ ಹಾಕ್ಕೊಡು" ಎಂದರು. ತೀರ್ಥಹಳ್ಳಿಯಲ್ಲಿ ಚಿಕ್ಕಮ್ಮನ ಮದುವೆಯಾದಾಗ ಹೆಂಗಸರು ಹಾಡಿದ ಶೋಭಾನೆಯನ್ನು ಮಾವ ಅದೇ ಮಿಕ್ಸರಿನಿಂದ ಹಿಡಿದಿಟ್ಟಿದ್ದರು. ಹಾಡಿದವರಲ್ಲಿ ಮಾವನ ಹೆಂಡತಿ, ನಮ್ಮತ್ತೆಯೂ ಒಬ್ಬಳು. ಮೊಬೈಲು ಬರುವ ಮೊದಲೇ ತೀರಿಕೊಂಡವಳು. ಅವಳ ದನಿ ಉಳಿದಿರುವುದು ಅದೊಂದರಲ್ಲೇ.

ಸುಯ್ ಸದ್ದನ್ನೆಲ್ಲ ಸೋಸಿ ತೆಗೆದು, ಬೀಗುತ್ತಾ ಕೇಳಿಸಿದೆ. ಮಾವ ಕೊನೆಯವರೆಗೂ ಕೇಳಿದರು.

"ಲಾಯ್ಕಾಗ್ಯದೆ. ನಿಮ್ಮತ್ತೆ ಎಲ್ಲಿ?"

ಅತ್ತೆಗೆ ಮೈಕೆಂದರೆ ನಾಚಿಕೆ. ದೂರವೇ ನಿಂತು, ಸಣ್ಣ ದನಿಯಲ್ಲಿ ಹಾಡಿದ್ದಳು. ಸದ್ದು ತೆಗೆಯುವಾಗ ಕಂಪ್ಯೂಟರು ಅವಳನ್ನೂ ಸದ್ದೆಂದೇ ತಿಳಿದು ಅಳಿಸಿಬಿಟ್ಟಿತ್ತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಾವ ಬೈಯಲಿಲ್ಲ. ಮೂಲ ಕ್ಯಾಸೆಟ್ಟನ್ನೇ ಹಾಕಿದರು. ನಾಲ್ಕನೆಯ ಸಾಲಿಗೆ ಸುಯ್ ಸದ್ದು ಇದ್ದಕ್ಕಿದ್ದಂತೆ ಏರಿತು.

"ಇಲ್ಲೇ ನಾನು ಅವ್ಳ ಕಡೆ ಮೈಕಿನ ವಾಲ್ಯೂಮು ಏರ್ಸಿದ್ದು" ಎಂದರು.

ಆ ಸದ್ದಿನೊಳಗೆ, ಉಳಿದವರಿಗಿಂತ ಒಂದಿಷ್ಟು ಹಿಂದೆ, ಅತ್ತೆ ಹಾಡುತ್ತಿದ್ದಳು.

"ಏನೂ ತೆಗೀದೆ ಹಾಗೇ ಹಾಕ್ಕೊಡ್ತೀನಿ ಮಾವ" ಎಂದೆ.

ಅವರು ಸ್ಪೀಕರಿನಿಂದ ಕಣ್ಣು ಕೀಳಲಿಲ್ಲ.

"ಸದ್ದು ಜಾಸ್ತಿ ಮಾಡಿ ಹಾಡು ಹಾಳ್ಮಾಡ್ದೆ ಅಂತ ಅವತ್ತು ಎಲ್ರೂ ಬೈದ್ರು ಕಣಾ. ನಂಗೆ ಅವ್ಳ ದನಿ ಕೇಳ್ಬೇಕಿತ್ತು."