ಶಾಲು ಹೊದಿಸಿಕೊಂಡ ನಾಯಿಯ ಪರವಾಗಿ

ಹುಮನಾಬಾದಿನ ಮೂಕಜೀವ ಮಿತ್ರ ಮಂಡಳಿಯ ಕಾರ್ಯದರ್ಶಿಗಳೂ, ದಯೆಯೇ ಮೈವೆತ್ತಂತಿರುವವರೂ, ಯಾವ ಫೋಟೊದಲ್ಲೂ ನಟ್ಟನಡುವೆಯೇ ನಿಲ್ಲುವವರೂ ಆದ ತಮಗೆ ಬಸವಕಲ್ಯಾಣದ ಟೆಂಟ್ ಹೌಸ್ ಮಾಲೀಕ ಮಚ್ಚೇಂದ್ರನ ಶರಣು ಶರಣಾರ್ಥಿ.

ಮಾನ್ಯರೇ,

ಮೊದಲು ಹಾನಿಯ ಬಾಬತ್ತು ಮುಗಿಸಿಬಿಡುತ್ತೇನೆ. ಕಾಯಂ ಮನೆ ಸಿಗುವವರೆಗೆ ಇಟ್ಟುಕೊಳ್ಳಿರೆಂದು ತಾವು ಕಳಿಸಿದ ನಾಯಿಯಿಂದ ನನಗೆ ಹೋದದ್ದು ಬಲಗಾಲಿನ ಒಂದು ಚಪ್ಪಲಿ ಮತ್ತು ಮದುವೆ ಮಂಟಪದ ಕೆಂಪು ಪರದೆಯ ಒಂದು ಮೂಲೆ. ತಮ್ಮಿಂದ ಹೋದದ್ದು ಮನೆಯ ಸಕ್ಕರೆ ಡಬ್ಬಿ ಪೂರ್ತಿ, ಅಂಗಳದ ಕರಿಬೇವಿನ ಗಿಡ, ಓಣಿಯವರ ಎದುರಿಗೆ ನನಗಿದ್ದ ಅಷ್ಟಿಷ್ಟು ಮರ್ಯಾದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಾಯಿಯೇ ಸಸ್ತಾ.

ತಮ್ಮೂರಿನ ಕಾರ್ಖಾನೆಯೊಂದರ ಗೇಟಿನ ಮುಂದೆ ಲಾರಿಗೆ ಸಿಕ್ಕ ಈ ಹೆಣ್ಣುನಾಯಿಯ ಕಾಲಿಗೆ ಪಟ್ಟಿ ಕಟ್ಟಿಸಿದವರು ತಾವು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮದುವೆಯೊಂದರಿಂದ ವಾಪಸಾಗುತ್ತಿದ್ದ ನನ್ನ ಟೆಂಪೊದಲ್ಲಿ, ಕುರ್ಚಿಗಳ ನಡುವೆ, ಅದನ್ನು ಕೂರಿಸಿ ಕಳಿಸುವಾಗ ತಮ್ಮದೇ ಸಹಿಯ ಸೂಚನಾಪತ್ರವನ್ನೂ ಕೊಟ್ಟಿದ್ದಿರಿ: ಹೊಸ ಮನೆಯಲ್ಲಿ ಗದ್ದಲ ಕೂಡದು, ಮಂದಿ ಸುತ್ತುವರಿಯಕೂಡದು, ಅದಾಗಿಯೇ ಹತ್ತಿರ ಬರುವವರೆಗೆ ಯಾರೂ ಮುಟ್ಟಕೂಡದು. ಇಷ್ಟು ಶಹಾಣಪಣದ, ತಿಳಿವಳಿಕೆಯ ಕಾಗದವನ್ನು ನಾನು ಯಾವ ಕಚೇರಿಯಿಂದಲೂ ಪಡೆದಿರಲಿಲ್ಲವಾದ್ದರಿಂದ ಅಕ್ಷರಶಃ ಪಾಲಿಸಿದೆ. ಲೌಡ್‌ಸ್ಪೀಕರಿನಿಂದಲೇ ಹೊಟ್ಟೆ ಹೊರೆದ ನಾನು ಅಂದು ಒಂದು ಹಲೋ ಕೂಡ ಅನ್ನಲಿಲ್ಲ. ನಾಯಿ ಗೋದಾಮನ್ನೆಲ್ಲ ಮೂಸಿ, ಸುರುಳಿ ಸುತ್ತಿಟ್ಟ ಜಮಖಾನೆಗಳ ಸಂದಿಯಲ್ಲಿ ಜಾಗ ಮಾಡಿಕೊಂಡು, ಮೂಗಷ್ಟೇ ಹೊರಗಿಟ್ಟು ಮಲಗಿತು.

ಮರುದಿನ ಬೆಳಿಗ್ಗೆ ತಾವು ದಯಮಾಡಿಸಿದಿರಿ. ಜೊತೆಗೆ ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಮಾಜಿ ಅಧ್ಯಕ್ಷರ ಅಳಿಯ, ಫೋಟೊಗ್ರಾಫರು ಮತ್ತು ಮೆರವಣಿಗೆಯಲ್ಲಿ ಬಾರಿಸುವ ಬ್ಯಾಂಜೊ ಪಾರ್ಟಿ. ನಮ್ಮ ಕಡೆ ಶಾಲು ಹೊದಿಸುವತನಕ ಯಾವುದೂ ನಡೆಯಿತೆಂದು ಲೆಕ್ಕವಿಲ್ಲ, ಇದನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ವರ್ಗವಾಗಿ ಬಂದವರ ಸನ್ಮಾನಕ್ಕೂ, ವರ್ಗವಾಗಿ ಹೋದವರ ಸನ್ಮಾನಕ್ಕೂ, ವರ್ಗ ರದ್ದಾಗಿ ಇಲ್ಲೇ ಉಳಿದವರ ಸನ್ಮಾನಕ್ಕೂ ಅವೇ ಕುರ್ಚಿಗಳನ್ನು ಹಾಕಿದವನು ನಾನು. ಆದರೆ ಮನೆ ಬದಲಿಸಿದ್ದಕ್ಕಾಗಿ ನಾಯಿಗೆ ಸನ್ಮಾನ ಮಾಡಿದ್ದನ್ನು ಕಂಡದ್ದು ಅಂದೇ. ಹಿಂದಿನ ಕಾಲು ಹಿಡಿದು ಎಳೆದು ತಂದು, ಶಾಲು ಹೊದಿಸಿ, ಚೆಂಡುಹೂವಿನ ಹಾರ ಹಾಕಿ, ಮುಂದೆ ತೆಂಗಿನಕಾಯಿ ಇಟ್ಟಿರಿ. ಮಾಜಿ ಅಧ್ಯಕ್ಷರು “ಜರಾ ನಗಸ್ರಿ ಅದಕ್ಕ, ಫೋಟೊದಾಗ ಮಾರಿ ಸಪ್ಪಗ ಬರಾಕತ್ತದ” ಎಂದು ಅಪ್ಪಣೆ ಕೊಟ್ಟರು. ನಾಯಿ ಶಾಲಿನ ಮೇಲೆ ಉಚ್ಚೆ ಹೊಯ್ದಿತು. ಆ ಸಭೆಯಲ್ಲಿ ಮನಸ್ಸಿನಿಂದ ಬಂದ ಭಾಷಣ ಅದೊಂದೇ.

ಆಮೇಲೆ ಅದು ಜಮಖಾನೆಗಳ ಒಳಗೆ ಹೋದದ್ದು ಹೊರಗೇ ಬರಲಿಲ್ಲ. ಅನ್ನ ಮುಟ್ಟಲಿಲ್ಲ. ಯಾರಾದರೂ ಟವೆಲ್ ಝಾಡಿಸಿದರೂ ನಡುಗುತ್ತಿತ್ತು. ತಾವೋ ಕರುಣಾಳುಗಳು, “ಹೊಂದಿಕೊಂಡಿತೇ” ಎಂದು ವಿಚಾರಿಸಲು ಪುನಃ ಪುನಃ ಬಂದಿರಿ, ಪ್ರತಿಸಲ ಹೊಸ ಮುಖಗಳೊಂದಿಗೆ, ಎಲ್ಲರಿಗೂ ಸಕ್ಕರೆ ಜಾಸ್ತಿ ಚಹಾ ಬೇಕೆಂಬ ಬೇಡಿಕೆಯೊಂದಿಗೆ. ಹೀಗಾಗಿ ನನ್ನದೊಂದು ನಮ್ರ ವಿನಂತಿ: ತಮ್ಮ ಪದಾಧಿಕಾರಿಗಳೆಲ್ಲರೂ ಒಮ್ಮೆ ಗುರುತು ಪರಿಚಯವಿಲ್ಲದವರ ಮಂಚದ ಕೆಳಗೆ ಕಾಲು ಮುರಿದುಕೊಂಡು ಮಲಗಬೇಕು, ಬ್ಯಾಂಜೊ ಖರ್ಚು ನನ್ನದು. ಅದು ಆಗದಿದ್ದರೆ ಹೈವೇ ಪಕ್ಕದ ಮೈಲಿಗಲ್ಲುಗಳಿಗೆ ಸನ್ಮಾನ ಮಾಡಿರಿ. ಅವು ಅಲುಗಾಡುವುದಿಲ್ಲ, ಫೋಟೊ ಸ್ವಚ್ಛ ಬರುತ್ತದೆ.

ನಾಯಿಯನ್ನು ದಾರಿಗೆ ತಂದವಳು ನನ್ನ ಹೆಂಡತಿ ಕಮಳಾಬಾಯಿ. ನಾಯಿ ಬಂದ ದಿನ “ಇದು ಒಳಗ ಬಂದ್ರ ನಾ ಹೊರಗ” ಎಂದಿದ್ದವಳು, ತಮ್ಮ ಮೂರನೆಯ ತಂಡ ಹೋದಮೇಲೆ ಗೇಟಿಗೆ ಕೀಲಿ ಹಾಕಿ, “ನಾಯಿ ಇರ್ಲಿ, ಆ ಮಂದೀನ ಬ್ಯಾಡ” ಎಂದು ತೀರ್ಪು ಕೊಟ್ಟಳು. ಮಧ್ಯಾಹ್ನವೆಲ್ಲ ಗೋದಾಮಿನ ಬಾಗಿಲಲ್ಲಿ ನಾಯಿಗೆ ಬೆನ್ನು ಹಾಕಿ ಕೂತು ತೊಗರಿಬೇಳೆ ಆರಿಸುತ್ತ, ತಮ್ಮ ಮಂಡಳಿಯ ಒಬ್ಬೊಬ್ಬರನ್ನೂ ಹೆಸರು ಹಿಡಿದು ಮೆಲ್ಲಗೆ ಬೈಯುತ್ತಿದ್ದಳು. ಆ ಬೈಗುಳ ನಾಯಿಗೆ ಹಿತವಾಗಿ ಕೇಳಿಸಿರಬೇಕು. ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಹಿಂದಕ್ಕೆ ಸರಿಸುವಳು, ತಿರುಗಿ ನೋಡಳು. ಮೊದಮೊದಲು ಇರುವೆ ತಿಂದವು, ಆಮೇಲೆ ನಾಯಿ ತಿಂದಿತು. ಒಂದು ದಿನ ಹೊರಗೆ ಬಂದು ಅವಳ ಸೆರಗಿನ ಮೇಲೆ ಗದ್ದವಿಟ್ಟು ಕಣ್ಣುಮುಚ್ಚಿತು. ಸಂಜೆಯಾದರೂ ಅವಳು ಏಳಲಿಲ್ಲ. ಅಡುಗೆ ನಾನು ಮಾಡಿದೆ. ತಮ್ಮ ಕಾಗದದಲ್ಲಿ ಅದರ ಹೆಸರು ಪ್ರಿನ್ಸೆಸ್. ಅದು ಓಡಿ ಬರುವುದು ಕಮಳಾಬಾಯಿ ಚಂಪಿ ಎಂದಾಗ.

ಈಗ ತಮ್ಮ ಹೊಸ ಪತ್ರ ತಲುಪಿದೆ. ಬರುವ ಭಾನುವಾರ ಹುಮನಾಬಾದಿನಲ್ಲಿ ವೇದಿಕೆಯ ಮೇಲೆ, ಮಂಡಳಿಗೆ ಆಂಬುಲೆನ್ಸ್ ಕೊಡಿಸಲಿರುವ ದಾನಿಗಳೊಬ್ಬರಿಗೆ ಸದರಿ ನಾಯಿಯನ್ನು ಕಾಯಂ ಆಗಿ ಹಸ್ತಾಂತರಿಸುವಿರಂತೆ. ನಾಯಿಗೆ ಸ್ನಾನ ಮಾಡಿಸಿ ತರಬೇಕಂತೆ. ಬರುವಾಗ ಕುರ್ಚಿ, ಮೈಕು, ಶಾಮಿಯಾನ ರಿಯಾಯಿತಿಯಲ್ಲಿ ತರಬೇಕಂತೆ. ಪತ್ರ ಓದಿ ಹೇಳಿದಾಗ ಕಮಳಾಬಾಯಿ ಎದ್ದು ಹೋಗಿ ಗೇಟಿನ ಕೀಲಿ ಎಳೆದು ನೋಡಿ ಬಂದಳು.

ಆದಕಾರಣ ತಿಳಿಸುವುದೇನೆಂದರೆ, ಕುರ್ಚಿ ಬರುತ್ತವೆ. ಮೈಕು ಬರುತ್ತದೆ. ನಾಯಿ ಬರುವುದಿಲ್ಲ. ಕಾಯಂ ಮನೆಯ ಅರ್ಜಿಯನ್ನು ಕಮಳಾಬಾಯಿಯ ಸಹಿಯೊಂದಿಗೆ ಇದಕ್ಕೆ ಲಗತ್ತಿಸಿದ್ದೇನೆ. ದಾನಿಗಳಿಗೆ ಏನನ್ನಾದರೂ ಹಸ್ತಾಂತರಿಸಲೇಬೇಕೆಂದಿದ್ದರೆ ತಮ್ಮ ಮಾಜಿ ಅಧ್ಯಕ್ಷರು ಇದ್ದಾರೆ. ವೇದಿಕೆಗೆ ಚೆನ್ನಾಗಿ ಹೊಂದಿಕೊಂಡಿದ್ದಾರೆ, ಯಾರು ಕರೆದರೂ ಹೋಗುತ್ತಾರೆ.

ಇಂತು, ಗೇಟಿನ ಒಳಗಿನಿಂದಲೇ ತಮ್ಮ ವಿಶ್ವಾಸಿ,
ಮಚ್ಚೇಂದ್ರ

ತಾ.ಕ.: ಕೀಲಿ ತೆಗೆಯಿಸಲು ಮಂಡಳಿಯನ್ನು ಕರೆದುಕೊಂಡು ಬರುವುದಾದರೆ ಬನ್ನಿರಿ, ಚಂಪಿ ಈಗ ಬೊಗಳಲು ಶುರುಮಾಡಿದೆ. ಇಲ್ಲಿಯವರೆಗೆ ಸಿಕ್ಕದ್ದರ ಲೆಕ್ಕ: ತಮಗೆ ಪೇಪರಿನಲ್ಲಿ ಸುದ್ದಿ. ಮಾಜಿ ಅಧ್ಯಕ್ಷರ ಅಳಿಯನಿಗೆ ಚಹಾ. ನನಗೆ ಅಡುಗೆ ಕೆಲಸ. ಕಮಳಾಬಾಯಿಗೆ ನಾಯಿ. ನಾಯಿಗೆ ಕಮಳಾಬಾಯಿ.