ಡಿಡಿಟಿ ಪಂಪೂ ಬಿಳಿ ಕರಡೀನೂ

ಪಂಪು ಹೊತ್ತು ಮಂದಿ ಮನೆಯೊಳಗ ಹೋಗೋ ಕೆಲಸ ನಂದು. ಅಂಥಾ ಕಡೆ ಹೋದ ಮೇಲೆ ನಗೋ ಮಾತು ಸಿಗದೆ ಇರ್ತಾವೇನು? ಬ್ಯಾಡ ಅಂದರೂ ಸಿಗತಾವ. ಮಲೇರಿಯಾ ಸೊಳ್ಳೆಗೆ ಡಿಡಿಟಿ ಹೊಡೆಯೋ ಕೂಲಿಯಾಗಿ ಮುಂಡಗೋಡ, ಹಳಿಯಾಳ, ಜೋಯಿಡಾ ಎಲ್ಲಾ ತಿರುಗಿದೆ. ಸಾಲಿ ಕಲಿತದ್ದು ಕಡಿಮಿ. ನೆನಪಾದಷ್ಟು ಬರೀತೇನಿ.

೧. ಅಲ್ಲಿ ಹೊಡೆದವರು ಯಾರು?

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಮುಂಡಗೋಡದಾಗ ನಮ್ಮನ್ನೆಲ್ಲ ಕೂಡಿಸಿ ದೊಡ್ಡ ಡಾಕ್ಟರು ಒಂದು ಚಿತ್ರ ತೋರಿಸಿದರು. ಹಿಮದ ಮೇಲೆ ಬಿಳಿ ಕರಡಿ. ಬಾಜೂಕ ಮರಿ.

"ಇದು ಭೂಮಿಯ ಉತ್ತರ ತುದಿ. ಇಲ್ಲಿ ಹೊಲ ಇಲ್ಲ, ಔಷಧ ಹೊಡೆಯೋರೂ ಇಲ್ಲ. ಆದರೂ ವಿಜ್ಞಾನಿಗಳು ಪರೀಕ್ಷೆ ಮಾಡಿದಾಗ ಈ ಕರಡಿಯ ಕೊಬ್ಬಿನಲ್ಲಿ, ಹಾಲಿನಲ್ಲಿ ಡಿಡಿಟಿ ಸಿಕ್ಕಿತು. ಅಲ್ಲಿಯ ತಾಯಂದಿರ ಎದೆಹಾಲಿನಲ್ಲೂ ಸಿಕ್ಕಿತು" ಅಂದರು.

ಗಾಳಿ, ನೀರು ಹಿಡಿದು ಹೋಗತೈತಂತ. ಆ ಪರೀಕ್ಷೆ ನೋಡಿ ದೇಶದೇಶದವರು ಕೂಡಿ ಒಪ್ಪಂದ ಮಾಡಿಕೊಂಡರಂತ. ಇಂಥಾ ವಿಷ ಬಳಸೋದು ಬಿಡಬೇಕು. ಡಿಡಿಟಿ ರೋಗದ ಸೊಳ್ಳೆಗೆ ಮಾತ್ರ, ಅದೂ ಅಳತೆಯಲ್ಲಿ.

"ಒಂದು ಮನೆಗೆ ಒಂದೇ ಸಲ. ಎರಡನೇ ಸಲ ಹೊಡೆಯೋ ಹಂಗ ಮಾಡಿದರೆ ಆ ಪಂಪಿನ ಜೋಡಿಯನ್ನ ಮುಂದಿನ ವರ್ಷ ಕರೆಯೋದಿಲ್ಲ."

ನನ್ನ ಮನೆ ನಡೆಯೋದು ಆ ಕೂಲಿಯಿಂದ.

ಪಂಪು ಒತ್ತೋ ನನ್ನ ಜೋಡಿದಾರ ಎದ್ದು ಕೈಮುಗಿದ. ಮುಖ ಬೆವತಿತ್ತು.

"ಸಾಹೇಬ್ರ, ನಾವು ಅಣಶಿ ಘಟ್ಟ ದಾಟಿ ಆ ಕಡೆ ಹೋಗೇ ಇಲ್ಲರೀ. ಬೇಕಾದ್ರ ಇವನ್ನ ಕೇಳ್ರಿ. ಅಲ್ಲಿ ಹೊಡದವರು ಕಾರವಾರದ ಜೋಡಿ ಇರಬೇಕು!"

೨. ಗೌಡರ ಮೈ

ಪಾಳಾ ಅನ್ನೋ ಊರಾಗ ಒಬ್ಬ ಗೌಡರು. ಮೈ ಭಾರ. ಕಟ್ಟೆ ಮೇಲೆ ಕುಂತರೆ ಬಾಜೂಕ ಇನ್ನೊಬ್ಬರಿಗೆ ಜಾಗ ಇಲ್ಲ.

"ತಮ್ಮಾ, ಮೆಣಸಿನ ಗಿಡಕ್ಕ ಹುಳ ಬಿದ್ದಾವ. ಒಂದು ಬೊಗಸಿ ಪೌಡರು ಕೊಡು" ಅಂದರು.

"ಹೊಲಕ್ಕ ಬಂದ್ ಆಗೇತ್ರಿ ಗೌಡ್ರ. ಅದು ಕರಗೂದಿಲ್ಲ. ಹಿಮದ ಕರಡಿ ಮೈಯಾಗ ಹೋಗಿ ಕುಂತೈತಂತ. ಕೊಬ್ಬು ಕಂಡಲ್ಲಿ ಸೇರಿಕೊಂಡ ಬಿಡತೈತಿ."

ಗೌಡರು ತಮ್ಮ ಹೊಟ್ಟೆ ನೋಡಿಕೊಂಡರು. "ಅಂದ್ರ ನನ್ನೊಳಗೂ...?"

ಒಳಗಿಂದ ಗೌಡತಿ ಕೂಗಿದಳು: "ಹೆದರಬ್ಯಾಡ್ರಿ. ಲಗ್ನ ಆದಾಗಿಂದ ನಾ ಹೇಳಿದ್ದು ಒಂದೂ ಆ ಮೈಯಾಗ ಇಳದಿಲ್ಲ. ಪೌಡರೇನು ಇಳೀತೈತಿ!"

೩. ಕೇರಿಗೆ ಬಂದ ಜೀಪು

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮನೆಯ ಗ್ವಾಡಿ ಅಂದರೆ ಮುಖ ಇದ್ದಂಗ. ಡಿಡಿಟಿ ಬಿಳಿ ಕಲೆ ಬಿಡತೈತಿ. ನಾವು ಮುಂಜಾನೆ ಹೊಡೆದರೆ ಸಂಜೀಕ ಕೆಮ್ಮಣ್ಣು ಕಲಿಸಿ ಸಾರಿಸಿಬಿಡತಿದ್ದರು. ಔಷಧ ಮಣ್ಣಿನ ಕೆಳಗ, ಸೊಳ್ಳೆ ಮಣ್ಣಿನ ಮೇಲೆ. ಮತ್ತ ಹೊಡೀಬೇಕು.

ನಮ್ಮ ಕೇರಿಯಲ್ಲಿ ಎಲ್ಲರಿಗಿಂತ ಮೊದಲು ಸಾರಿಸೋಳು ನನ್ನ ಹೆಂಡತಿ. ಆಕಿ ತೀರಿಹೋಗಿ ಎರಡು ಮಳೆಗಾಲ ಆತು. ಈಗ ನಮ್ಮ ಗ್ವಾಡಿ ಯಾರೂ ಸಾರಿಸೂದಿಲ್ಲ.

ಡಾಕ್ಟರು ಕರಡಿ ಚಿತ್ರ ತೋರಿಸಿದ ದಿನ ರಾತ್ರಿ ಉಣ್ಣುವಾಗ ಆಕಿಗೆ ಎಲ್ಲಾ ಹೇಳಿದೆ. ಕೂಲಿ ಹೋದೀತು ಅಂದೆ. ಆಕಿ ರೊಟ್ಟಿ ತಟ್ಟೋದು ನಿಲ್ಲಿಸಿದಳು.

"ಆ ಕರಡಿ ಬಾಣಂತಿ ಏನ್ರಿ?"

"ಹೂಂ. ಮರಿ ಐತಿ."

"ಪಾಪ. ನಾಳೆ ನೀವು ಹೊಡೀರಿ. ಹೆಣ್ಣುಮಕ್ಕಳದು ನಾ ನೋಡ್ಕೋತೇನಿ."

ಹೊಡೆದೆವು. ಸಂಜೀಕ ಯಾರೂ ಮಣ್ಣು ಕಲಿಸಲಿಲ್ಲ. ಮರುದಿನಾನೂ ಇಲ್ಲ. ಕೇರಿ ತುಂಬ ಚುಕ್ಕಿ ಚುಕ್ಕಿ ಗ್ವಾಡಿ. ನನಗ ನಂಬಿಕೆ ಆಗಲಿಲ್ಲ.

ಆ ವಾರದಾಗ ಡಾಕ್ಟರ ಜೀಪು ಬಂತು. ಅವರು ಒಂದೊಂದೇ ಮನೆ ಹೊಕ್ಕರು. ಗ್ವಾಡಿ ಮುಟ್ಟಿದರು. ಬೆರಳಿಗೆ ಬಿಳಿ ಹತ್ತಿತು. ಮುಖ ಅರಳಿತು.

"ಭೇಷ್! ಇಂಥಾ ಕೇರಿ ನಾ ಎಲ್ಲೂ ನೋಡಿಲ್ಲ. ಮುಂದಿನ ವರ್ಷ ನಿಮ್ಮ ಜೋಡಿ ಪಕ್ಕಾ" ಅಂದರು. ನನಗ ಉಸಿರು ಬಂತು.

ಹೊರಗ ಬಂದು ನೋಡಿದರೆ ಕೇರಿಯ ಹೆಂಗಸರೆಲ್ಲ ಜೀಪಿನ ಸುತ್ತ. ಒಬ್ಬಾಕಿ ಹಿಂದಿನ ತಾಡಪತ್ರಿ ಎತ್ತಿ ಇಣುಕತಾಳ. ಒಬ್ಬಾಕಿ ಸೀಟಿನ ಕೆಳಗ ನೋಡತಾಳ. ಎಮ್ಮೆ ಕಾಯೋ ಗೌಳಿ ಅಜ್ಜಿ ತಂಬಿಗೆ ತುಂಬ ಹಾಲು ಹಿಡಿದು ನಿಂತಾಳ.

"ಎಲ್ಲಿ ಅದಾಳ್ರಿ ಸಾಹೇಬ್ರ?" ಅಂದಳು ಅಜ್ಜಿ.

"ಯಾರು?"

"ಬಾಣಂತಿ ಕರಡಿರೀ! ಯಾರ‍್ಯಾರು ಗ್ವಾಡಿ ಸಾರಿಸ್ಯಾರ ಅಂತ ನೋಡಾಕ ಸಾಹೇಬ್ರ ಸಂಗಾಟ ಆಕೀನೂ ಬರ್ತಾಳ ಅಂತ ಇಕಿ ಹೇಳಿದಳಲ್ಲ!"

ಎಲ್ಲರ ಬೆರಳು ನನ್ನ ಹೆಂಡತಿ ಕಡೆ. ಡಾಕ್ಟರು ನನ್ನ ನೋಡಿದರು. ನಾ ನೆಲ ನೋಡಿದೆ. ಜೋಡಿದಾರ ಆಗಲೇ ಪಂಪಿನ ಹಿಂದ ಅಡಗಿದ್ದ.

ಆಕಿ ಮಾತ್ರ ಅಳುಕಲಿಲ್ಲ. ಸೆರಗು ಸರಿ ಮಾಡಿಕೊಂಡು ಮುಂದ ಬಂದಳು.

"ಇಷ್ಟು ಬಿಸಿಲಾಗ, ಹಸಿ ಬಾಣಂತೀನ, ಈ ರಸ್ತೇದಾಗ ಜೀಪಿನ್ಯಾಗ ಕುಂದ್ರಿಸಿಕೊಂಡು ಬರ್ತಾರೇನು? ನಿಮಗ ಬುದ್ಧಿ ಐತೋ ಇಲ್ಲೋ!" ಅಂತ ಆ ಹೆಂಗಸರನ್ನೇ ಬೈದಳು. ಆಮೇಲೆ ಅಜ್ಜಿ ಕೈಯಿಂದ ತಂಬಿಗೆ ಇಸಕೊಂಡು ಡಾಕ್ಟರ ಕೈಗೆ ಕೊಟ್ಟಳು.

"ಆಕೀ ಪಾಲಿಂದು ನೀವ ಕುಡೀರಿ ಸಾಹೇಬ್ರ. ಹೋದ ಮ್ಯಾಲೆ ಆಕೀಗೆ ಹೇಳ್ರಿ: ಕೂಸಿಗೆ ಧೈರ್ಯಾದಿಂದ ಹಾಲು ಕುಡಸು, ನಮ್ಮ ಕೇರೀದು ನಾ ನೋಡ್ಕೋತೇನಿ ಅಂತ."

ಡಾಕ್ಟರು ತಂಬಿಗೆ ಖಾಲಿ ಮಾಡಿ, ಮೀಸಿ ಒರಸಿಕೊಂಡು, "ಹೇಳ್ತೇನ್ರಿ ತಾಯಿ" ಅಂದರು.